ಕುಂತಿ ಬೆಟ್ಟ ಹತ್ತುವ ಮಗಳ ಬ್ಯಾಗಿಗೆ ಯಾವ ಫಸ್ಟ್ ಏಡ್ ಕಿಟ್ ಹಾಕಲಿ?

ನೀವು ಕೇಳಿದ್ದು ಇಷ್ಟು: ಮಗಳಿಗೆ 11 ವರ್ಷ. ಮೈಸೂರಿಂದ ಮಕ್ಕಳ ಗುಂಪಿನ ಜೊತೆ ಪಾಂಡವಪುರದ ಕುಂತಿ ಬೆಟ್ಟ ಹತ್ತಲು ಹೋಗುತ್ತಿದ್ದಾಳೆ. ಆನ್‌ಲೈನಿನಲ್ಲಿ ನೂರು ಐಟಂ ಇರುವ ಕಿಟ್ ನೋಡಿದ್ದೀರಿ, ತಗೊಳ್ಳಲೋ ಬೇಡವೋ.

ಬೇಡ. ನಾನು ಡಾಕ್ಟರಲ್ಲ. ಫಸ್ಟ್ ಏಡ್ ತರಬೇತಿ ಒಂದು ಆಗಿದೆ, ಮಂಡ್ಯದಲ್ಲಿ ನಮ್ಮ ಬೀದಿಯ ಮಕ್ಕಳನ್ನು ಕಟ್ಟಿಕೊಂಡು ಎಂಟು ವರ್ಷದಿಂದ ಬೆಟ್ಟ ಸುತ್ತುತ್ತಿದ್ದೇನೆ, ಅಷ್ಟೇ. ಮೊದಲ ವರ್ಷ ನಾನೂ ಅಂಥದ್ದೇ ಕೆಂಪು ಬ್ಯಾಗು ಕೊಂಡಿದ್ದೆ. ಕರಿಘಟ್ಟದ ಮೆಟ್ಟಿಲ ಮೇಲೆ ಒಬ್ಬ ಹುಡುಗ ಜಾರಿ ಬಿದ್ದು ಮಂಡಿ ಒಡೆದುಕೊಂಡ. ಕಿಟ್ ಎಲ್ಲಿ ಅಂದರೆ ಕೆಳಗೆ, ಕಾರಿನ ಡಿಕ್ಕಿಯಲ್ಲಿ! ಏದುಸಿರು ಬಿಡುತ್ತಾ ಓಡಿ ಹೋಗಿ ತಂದೆ. ಜಿಪ್ ಎಳೆದರೆ ಒಳಗಿದ್ದದ್ದೆಲ್ಲ ಮೆಟ್ಟಿಲ ಮೇಲೆ ಚೆಲ್ಲಿತು. ಬೆರಳಿಗೆ ಸುತ್ತುವ ಪ್ಲಾಸ್ಟರ್ ಅರವತ್ತು, ಮಂಡಿ ಮುಚ್ಚುವಷ್ಟು ಗಾಜ್ (ಗಾಯದ ಮೇಲೆ ಇಡುವ ಜಾಳು ಬಟ್ಟೆ) ಒಂದೂ ಇಲ್ಲ. ಟೇಪಿನ ತುದಿ ಉಗುರಿಗೆ ಸಿಗಲಿಲ್ಲ. ಕತ್ತರಿ ಪೇಪರನ್ನೂ ಕತ್ತರಿಸುತ್ತಿರಲಿಲ್ಲ. ನಾನು ಹೀಗೆ ಒದ್ದಾಡುತ್ತಿದ್ದರೆ, ನಾಲ್ಕನೇ ಕ್ಲಾಸಿನ ಒಬ್ಬಳು ಆಗಲೇ ತನ್ನ ಕರ್ಚೀಫು ಮಡಿಸಿ ಅವನ ಮಂಡಿ ಮೇಲೆ ಒತ್ತಿ ಹಿಡಿದು ಕೂತಿದ್ದಳು. ನಾನು ಟೇಪು ಬಿಡಿಸುವಷ್ಟರಲ್ಲಿ ರಕ್ತ ನಿಂತಿತ್ತು.

ಹಾಗಾಗಿ ನಿಮ್ಮ ಮಗಳ ಕೈಯಲ್ಲೇ ಕಿಟ್ ಮಾಡಿಸಿ. ಹಳೆಯ ಟಿಫಿನ್ ಡಬ್ಬಿ ಸಾಕು. ಮೆಡಿಕಲ್ ಸ್ಟೋರಿನಿಂದ ನಾಲ್ಕೈದು ದೊಡ್ಡ ಗಾಜ್, ಹತ್ತು ಬ್ಯಾಂಡ್ ಏಡ್, ಒಂದು ಮೈಕ್ರೋಪೋರ್ ಟೇಪು, ಒಂದು ಕ್ರೇಪ್ ಬ್ಯಾಂಡೇಜ್, ಗಾಯಕ್ಕೆ ಹಚ್ಚುವ ಪೊವಿಡೋನ್ ಅಯೋಡಿನ್ ಟ್ಯೂಬು, ಎರಡು ಜೊತೆ ಗ್ಲೌಸು, ಎರಡು ಓಆರ್‌ಎಸ್ ಪೊಟ್ಟಣ ತನ್ನಿ. ಮುಳ್ಳು ತೆಗೆಯಲು ಚಿಮಟ ಮರೆಯಬೇಡಿ, ನಮ್ಮ ಕಡೆ ಜಾಲಿ ಮುಳ್ಳಿಗೆ ಬರವಿಲ್ಲ. ಟೇಪಿನ ತುದಿಯನ್ನು ಈಗಲೇ ಮಡಿಸಿಡಿ (ಇದು ಅನುಭವದ ಮಾತು). ತಾತನ ಹಳೇ ಪಂಚೆ ಇದ್ದರೆ ಒಗೆದು, ಒಂದು ಮೀಟರ್ ಚೌಕ ಮಾಡಿ, ಮೂಲೆಯಿಂದ ಮೂಲೆಗೆ ಕತ್ತರಿಸಿ. ಎರಡು ತ್ರಿಕೋನದ ಬಟ್ಟೆ ಸಿಗುತ್ತದೆ. ಕೈ ಮುರಿದರೆ ಕತ್ತಿಗೆ ಜೋಲಿ ಕಟ್ಟಬಹುದು, ಏನೂ ಆಗದಿದ್ದರೆ ಬಿಸಿಲಿಗೆ ತಲೆಗೆ ಕಟ್ಟಬಹುದು. ಒಂದು ಸೀಟಿಯನ್ನು ಬ್ಯಾಗಿನ ಪಟ್ಟಿಗೆ ಕಟ್ಟಿ. ಮಾತ್ರೆ ಮಾತ್ರ ಮಕ್ಕಳ ಡಬ್ಬಿಗೆ ಬೇಡ. ಪ್ಯಾರಾಸಿಟಮಾಲ್ ಕೂಡ ಮಗುವಿನ ತೂಕ ನೋಡಿ ಕೊಡಬೇಕು, ಅದು ಜೊತೆಗೆ ಹೋಗುವ ದೊಡ್ಡವರ ಹತ್ತಿರ ಇರಲಿ. ಆದರೆ ಮಗುವಿಗೆ ಆಸ್ತಮಾ ಇದ್ದರೆ ಇನ್‌ಹೇಲರ್ ಅದರದೇ ಬ್ಯಾಗಿನಲ್ಲಿ, ಮೇಲಿನ ಜಿಪ್ಪಿನಲ್ಲೇ ಇರಬೇಕು.

ಇನ್ನು ಗಾಯ. ಕುಂತಿ ಬೆಟ್ಟ ಪೂರ್ತಿ ಬಂಡೆ. ಬ್ರಿಟಿಷರ ಕಾಲದಲ್ಲಿ ಪಾಂಡವಪುರದ ಹೆಸರೇ ಫ್ರೆಂಚ್ ರಾಕ್ಸ್, ಹೈದರ್ ಟಿಪ್ಪು ಕಾಲದ ಫ್ರೆಂಚ್ ಸೈನಿಕರು ಅಲ್ಲಿ ಬೀಡುಬಿಟ್ಟಿದ್ದರಂತೆ. ಆ ಬಂಡೆ ಮೇಲೆ ಜಾರಿದರೆ ತರಚು ಗಾಯ ಗ್ಯಾರಂಟಿ. ಕುಡಿಯುವ ನೀರನ್ನೇ ಸುರಿದು ಮಣ್ಣು ಹೋಗುವವರೆಗೆ ತೊಳೆಯಬೇಕು. ರಕ್ತ ಜಾಸ್ತಿ ಬರುತ್ತಿದ್ದರೆ ಮೊದಲು ಗಾಜ್ ಇಟ್ಟು ಹತ್ತು ನಿಮಿಷ ಬಿಡದೆ ಒತ್ತಬೇಕು. ಮಕ್ಕಳಿಗೆ ಕಷ್ಟವಾಗುವುದು ಇದೇ. ನಿಂತಿತಾ ಅಂತ ನಿಮಿಷಕ್ಕೊಂದು ಸಲ ಎತ್ತಿ ನೋಡುತ್ತಾರೆ, ಮತ್ತೆ ಶುರುವಾಗುತ್ತದೆ. ಗಾಜ್ ನೆನೆದರೆ ತೆಗೆಯದೆ ಅದರ ಮೇಲೇ ಇನ್ನೊಂದು ಇಡಬೇಕು. ಅರಿಶಿನ, ಕಾಫಿ ಪುಡಿ, ಸುಣ್ಣ ಯಾವುದೂ ಬೇಡ. ನಮ್ಮಜ್ಜಿ ಕಾಫಿ ಪುಡಿ ಮೆತ್ತುತ್ತಿದ್ದರು ನಿಜ, ಆಮೇಲೆ ಆಸ್ಪತ್ರೆಯಲ್ಲಿ ಅದನ್ನು ಕೆರೆದು ತೆಗೆಯುವಾಗ ಅತ್ತವನು ನಾನು. ಅಂದ ಹಾಗೆ, 10 ವರ್ಷಕ್ಕೆ ಹಾಕಿಸುವ ಟಿಡಿ (ಧನುರ್ವಾಯು, ಡಿಫ್ತೀರಿಯಾ ತಡೆಯುವ) ಲಸಿಕೆ ಮಗಳಿಗೆ ಆಗಿದೆಯಾ ನೋಡಿ.

ಕಾಲು ಉಳುಕಿದರೆ ಎಳೆಯುವುದು, ನೀವುವುದು ಬೇಡ. ಕೂರಿಸಿ, ಒದ್ದೆ ಬಟ್ಟೆ ಹಾಕಿ, ಕ್ರೇಪ್ ಬ್ಯಾಂಡೇಜನ್ನು ಪಾದದಿಂದ ಮೇಲಕ್ಕೆ ಸುತ್ತಿ. ಬೆರಳು ತಣ್ಣಗಾದರೆ ಅಥವಾ ಜುಮ್ ಅಂದರೆ ಬಿಗಿಯಾಯಿತು ಅಂತ, ಬಿಚ್ಚಿ ಮತ್ತೆ ಸುತ್ತಬೇಕು. ನಾಲ್ಕು ಹೆಜ್ಜೆಯೂ ಇಡಲಾಗದಿದ್ದರೆ ಎಕ್ಸ್‌ರೇ ಆಗಲೇಬೇಕು.

ಬಿಸಿಲಿಗೆ ತಲೆ ಸುತ್ತಿದರೆ ನೆರಳು, ನೀರು, ಓಆರ್‌ಎಸ್. ಪೊಟ್ಟಣದ ಮೇಲೆ ಎಷ್ಟು ನೀರು ಅಂತ ಬರೆದಿರುತ್ತದೆ, ಅದನ್ನು ಓದಲು ಕಲಿಸಿ. ಒಂದು ಲೀಟರಿನ ಪೊಟ್ಟಣವೂ ಸಿಗುತ್ತದೆ, 200 ಮಿಲಿಯದ್ದೂ ಸಿಗುತ್ತದೆ. ದೊಡ್ಡದನ್ನು ಅರ್ಧ ಲೀಟರಿನ ಬಾಟಲಿಗೆ ಸುರಿದರೆ ಉಪ್ಪು ಜಾಸ್ತಿಯಾಗಿ ತೊಂದರೆಯೇ. ಮಗು ಗೊಂದಲವಾಗಿ ಮಾತಾಡಿದರೆ ಅಥವಾ ಪ್ರಜ್ಞೆ ತಪ್ಪಿದರೆ ಬಾಯಿಗೆ ಏನೂ ಹಾಕದೆ, ಮೈಗೆ ನೀರು ಹಾಕುತ್ತಾ, ಗಾಳಿ ಬೀಸುತ್ತಾ 108ಕ್ಕೆ ಫೋನ್ ಮಾಡಿ.

ನನಗೆ ನಿಜವಾಗಿ ಭಯ ಇರುವುದು ಹೆಜ್ಜೇನಿನದು. ಬಂಡೆಯ ಕೆಳಗೆ ಹಲಗೆಯಂತೆ ತೂಗಾಡುತ್ತಿರುತ್ತದೆ. ಕಲ್ಲು ಹೊಡೆಯುವುದು, ಹೊಗೆ ಹಾಕುವುದು, ಕಿರುಚುವುದು ಬೇಡ, ಆ ದಿನ ಸೆಂಟೂ ಬೇಡ. ಎದ್ದರೆ ಮುಖ ಮುಚ್ಚಿಕೊಂಡು ಓಡಬೇಕು, ನಿಂತು ಕೈ ಬೀಸಬಾರದು. ದೂರ ಬಂದ ಮೇಲೆ ಕೊಂಡಿಯನ್ನು ಉಗುರಿನಿಂದ ತಕ್ಷಣ ಕೆರೆದು ತೆಗೆಯಿರಿ, ಚಿಮಟ ಹುಡುಕುತ್ತಾ ಕೂರಬೇಡಿ. ತುಟಿ, ಮುಖ ಊದಿದರೆ, ಉಸಿರು ಕಟ್ಟಿದರೆ, ತುಂಬಾ ಕಡೆ ಕಚ್ಚಿದ್ದರೆ ಸೀದಾ ಆಸ್ಪತ್ರೆ.

ಹಾವು ಕಚ್ಚಿದರೆ ಡಬ್ಬಿಯಲ್ಲಿ ಅದಕ್ಕೆ ಏನೂ ಇಲ್ಲ, ಇರಲೂ ಬೇಕಿಲ್ಲ. ಹಗ್ಗ ಬಿಗಿಯಬಾರದು, ಬ್ಲೇಡಿನಿಂದ ಕೊಯ್ಯಬಾರದು, ಬಾಯಿಂದ ಹೀರಬಾರದು. ಬಳೆ, ವಾಚು, ಕಾಲುಗೆಜ್ಜೆ ಬಿಚ್ಚಿ, ಮಗುವನ್ನು ನಡೆಸದೆ, ಕಚ್ಚಿದ ಕಾಲನ್ನು ಮೂಳೆ ಮುರಿದವರಂತೆ ಅಲುಗದ ಹಾಗೆ ಕಟ್ಟಿ ಎತ್ತಿಕೊಂಡು ಹೋಗಬೇಕು. ಹಾವನ್ನು ಹೊಡೆದು ಆಸ್ಪತ್ರೆಗೆ ತರುವ ಸಾಹಸವೂ ಬೇಡ. ನಾಗರ, ಕಟ್ಟು ಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕಕ್ಕೂ ಒಂದೇ ಔಷಧಿ. ಬೆಟ್ಟಕ್ಕಿಂತ ದಾರಿಯ ಕಬ್ಬಿನ ಗದ್ದೆ ಬದುವಿನಲ್ಲೇ ಹುಷಾರಾಗಿರಬೇಕು, ಮೂತ್ರಕ್ಕೆ ಅಂತ ಮಕ್ಕಳು ನುಗ್ಗುವುದು ಅಲ್ಲಿಗೇ ಅಲ್ವಾ.

ಕೋತಿ ಪರಚಿದರೂ ನಾಯಿ ಕಚ್ಚಿದರೂ ಸೋಪು ಹಾಕಿ 15 ನಿಮಿಷ ತೊಳೆದು ಅದೇ ದಿನ ಡಾಕ್ಟರ ಹತ್ತಿರ ಹೋಗಿ. ಬೈಸಿಕೊಳ್ಳುವ ಭಯಕ್ಕೆ ಮಕ್ಕಳು ಇದನ್ನು ಮುಚ್ಚಿಡುತ್ತಾರೆ. ಬೈಯಲ್ಲ ಅಂತ ಮೊದಲೇ ಹೇಳಿ ಕಳಿಸಿ.

ಡಬ್ಬಿಯ ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿ: ಹೆಸರು, ಇಬ್ಬರ ಫೋನ್ ನಂಬರ್, ರಕ್ತದ ಗುಂಪು, ಯಾವ ಔಷಧಿ ಒಗ್ಗಲ್ಲ. ಆಮೇಲೆ ಶನಿವಾರ ರಾತ್ರಿ ಅವಳ ಅಪ್ಪನನ್ನು ಸೋಫಾ ಮೇಲೆ ಕೂರಿಸಿ, ಕಾಲು ಉಳುಕಿದೆ ಅಂತ ನಟಿಸಲು ಹೇಳಿ. ಡಬ್ಬಿ ತೆಗೆದು ಬ್ಯಾಂಡೇಜು ಸುತ್ತಿ ಮುಗಿಸಲಿ. ನಮ್ಮ ಮನೆಯಲ್ಲಿ ಮೊದಲ ಸಲ ಸುತ್ತಿದ್ದು ಬಾತ್‌ರೂಮಿಗೆ ಹೋಗುವಷ್ಟರಲ್ಲಿ ಬಿಚ್ಚಿಕೊಂಡಿತ್ತು, ಮೂರನೇ ಸಲಕ್ಕೆ ಬೆಳಗಿನವರೆಗೂ ನಿಂತಿತು.