ವಾಹನ ವಿಚಾರ: ಸೂಪರ್‌ಚಾರ್ಜರ್ ಎಂಜಿನ್‌ನ ಶಕ್ತಿ ಹೆಚ್ಚಿಸುವ ಬಗೆ

ಪ್ರಶ್ನೆ: ನನ್ನ ಕಾರಿನ 1.6 ಲೀಟರ್ ಪೆಟ್ರೋಲ್ ಎಂಜಿನ್‌ಗೆ ಕಾರ್ಖಾನೆಯಲ್ಲೇ ರೂಟ್ಸ್ ಮಾದರಿಯ ಸೂಪರ್‌ಚಾರ್ಜರ್ (ಎಂಜಿನ್‌ಗೆ ಹೆಚ್ಚುವರಿ ಗಾಳಿ ತುಂಬುವ ಯಂತ್ರ) ಅಳವಡಿಸಿದ್ದಾರೆ. ಅದರ ಪುಲ್ಲಿಯನ್ನು ಚಿಕ್ಕದಾಗಿಸಿದರೆ ಬೂಸ್ಟ್ (ತುಂಬುವ ಗಾಳಿಯ ಹೆಚ್ಚುವರಿ ಒತ್ತಡ) ಏರಿ ಶಕ್ತಿಯೂ ಹೆಚ್ಚುತ್ತದೆ ಎಂದು ಸ್ನೇಹಿತರು ಹೇಳುತ್ತಾರೆ. ಅಷ್ಟು ಮಾಡಿದರೆ ಸಾಕೇ? ಎಂಜಿನ್ ಬಿಚ್ಚದೆ ಎಲ್ಲಿಯವರೆಗೆ ಹೋಗಬಹುದು?

ಉತ್ತರ: ಪುಲ್ಲಿ ಬದಲಾಯಿಸುವುದು ಸರಿಯಾದ ದಾರಿಯೇ, ಆದರೆ ಮೊದಲು ಮಾಡಬೇಕಾದ ಕೆಲಸ ಅದಲ್ಲ. ಸೂಪರ್‌ಚಾರ್ಜರ್ ಕ್ರ್ಯಾಂಕ್‌ಶಾಫ್ಟ್‌ನಿಂದ ಬೆಲ್ಟ್ ಮೂಲಕ ತಿರುಗುವುದರಿಂದ ಎರಡು ಪುಲ್ಲಿಗಳ ವ್ಯಾಸದ ಅನುಪಾತವೇ ಅದರ ವೇಗವನ್ನು ನಿರ್ಧರಿಸುತ್ತದೆ. ಕ್ರ್ಯಾಂಕ್ ಪುಲ್ಲಿ 150 ಮಿ.ಮೀ., ಸೂಪರ್‌ಚಾರ್ಜರ್ ಪುಲ್ಲಿ 75 ಮಿ.ಮೀ. ಇದೆಯೆಂದು ಇಟ್ಟುಕೊಳ್ಳಿ, ಎಂಜಿನ್ ನಿಮಿಷಕ್ಕೆ 6,500 ಸುತ್ತು ತಿರುಗುವಾಗ ಸೂಪರ್‌ಚಾರ್ಜರ್‌ನೊಳಗೆ ಗಾಳಿ ತಳ್ಳುವ ರೋಟರುಗಳು 13,000 ಸುತ್ತು ತಿರುಗುತ್ತವೆ. ಚಿಕ್ಕ ಪುಲ್ಲಿಯನ್ನು 65 ಮಿ.ಮೀ.ಗೆ ಇಳಿಸಿದರೆ ಅದೇ ವೇಗದಲ್ಲಿ ರೋಟರುಗಳು 15,000 ಸುತ್ತು ಮುಟ್ಟುತ್ತವೆ. ಪ್ರತಿಯೊಂದು ಸೂಪರ್‌ಚಾರ್ಜರ್‌ಗೂ ತಯಾರಕರು ಗರಿಷ್ಠ ವೇಗವೊಂದನ್ನು ನಿಗದಿ ಮಾಡಿರುತ್ತಾರೆ. ಪುಲ್ಲಿ ಕೊಳ್ಳುವ ಮುನ್ನ ಈ ಲೆಕ್ಕವನ್ನು ನಿಮ್ಮದೇ ಅಳತೆಗಳಿಂದ ಮಾಡಿ, ಆ ಮಿತಿಯೊಂದಿಗೆ ಹೋಲಿಸಿ ನೋಡಲೇಬೇಕು.

ಇನ್ನು ಮುಖ್ಯ ವಿಷಯವಾದ ಶಾಖಕ್ಕೆ ಬರೋಣ. ರೂಟ್ಸ್ ಮಾದರಿಯು ಗಾಳಿಯನ್ನು ತನ್ನೊಳಗೆ ಸಂಕುಚಿಸುವುದಿಲ್ಲ. ಅದನ್ನು ಹಿಡಿಹಿಡಿಯಾಗಿ ಮ್ಯಾನಿಫೋಲ್ಡ್‌ಗೆ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆಗೆ) ತಳ್ಳುತ್ತದೆ, ಅಲ್ಲಿ ಈಗಾಗಲೇ ಇರುವ ಒತ್ತಡಕ್ಕೆ ಎದುರಾದಾಗ ಗಾಳಿ ಸಂಕುಚಿತವಾಗುತ್ತದೆ. ಆದ್ದರಿಂದಲೇ ಒತ್ತಡ ಏರಿದಂತೆ ಇದರ ದಕ್ಷತೆ ಕುಗ್ಗಿ ಶಾಖ ಹೆಚ್ಚುತ್ತದೆ. ಹೊರಗಿನ ಗಾಳಿ 30 ಡಿಗ್ರಿ ಸೆಲ್ಸಿಯಸ್ ಇದ್ದು, ದಕ್ಷತೆ ಶೇ. 60ರಷ್ಟಿದೆ ಎಂದು ಹಿಡಿದರೆ, 0.5 ಬಾರ್ ಬೂಸ್ಟ್‌ನಲ್ಲಿ ಹೊರಬರುವ ಗಾಳಿ ಸುಮಾರು 90 ಡಿಗ್ರಿಯಷ್ಟೂ, 0.8 ಬಾರ್‌ನಲ್ಲಿ 120 ಡಿಗ್ರಿಗೂ ಮಿಗಿಲಾಗಿಯೂ ಇರುತ್ತದೆ. ಬಿಸಿ ಗಾಳಿ ತೆಳುವಾದ್ದರಿಂದ ಅದರಲ್ಲಿ ಆಮ್ಲಜನಕ ಕಡಿಮೆ. ಅದಕ್ಕಿಂತ ಕೆಟ್ಟದ್ದೆಂದರೆ, ಅದು ನಾಕಿಂಗ್‌ಗೆ (ಸಿಲಿಂಡರಿನಲ್ಲಿ ಇಂಧನ ತಾನಾಗಿಯೇ ಸಿಡಿದು ಉರಿಯುವುದಕ್ಕೆ) ಎಡೆಮಾಡಿಕೊಡುತ್ತದೆ. ನಾಕಿಂಗ್ ಕಂಡೊಡನೆ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಕಿಡಿಯ ಸಮಯವನ್ನು ಹಿಂದಕ್ಕೆ ಸರಿಸುತ್ತದೆ, ಹೊಸ ಪುಲ್ಲಿ ಕೊಟ್ಟ ಲಾಭದಲ್ಲಿ ಒಂದು ಪಾಲು ಅಲ್ಲಿಯೇ ಕಳೆದುಹೋಗುತ್ತದೆ.

ಹೀಗಾಗಿ ಮೊದಲ ಹಣವನ್ನು ಇಂಟರ್‌ಕೂಲರ್‌ಗೆ (ಎಂಜಿನ್ ಸೇರುವ ಮುನ್ನ ಗಾಳಿಯನ್ನು ತಂಪಾಗಿಸುವ ಸಾಧನಕ್ಕೆ) ಖರ್ಚು ಮಾಡಿ ಎಂಬುದು ನನ್ನ ದೃಢವಾದ ಸಲಹೆ. ಎಂಜಿನ್ ಸೇರುವ ಗಾಳಿಯನ್ನು 90 ಡಿಗ್ರಿಯಿಂದ 50 ಡಿಗ್ರಿಗೆ ತಂದರೆ, ಒತ್ತಡ ಅಷ್ಟೇ ಇದ್ದರೂ ಅದರ ಸಾಂದ್ರತೆ ಶೇ. 12ರಷ್ಟು ಹೆಚ್ಚುತ್ತದೆ. ರೋಟರುಗಳನ್ನು ಇನ್ನಷ್ಟು ವೇಗವಾಗಿ ತಿರುಗಿಸಲು ಎಂಜಿನ್ ತನ್ನದೇ ಶಕ್ತಿಯನ್ನು ವ್ಯಯಿಸುವ ಪ್ರಮೇಯವೂ ಇಲ್ಲಿ ಬರುವುದಿಲ್ಲ.

ಬೂಸ್ಟ್ ಮೀಟರಿನ ಬಗ್ಗೆಯೂ ಒಂದು ಮಾತು ಹೇಳಬೇಕು, ಏಕೆಂದರೆ ಅನೇಕರು ಅದನ್ನೇ ಶಕ್ತಿಯ ಅಳತೆಯೆಂದು ನಂಬುತ್ತಾರೆ. ಮೀಟರ್ ತೋರಿಸುವುದು ಮ್ಯಾನಿಫೋಲ್ಡ್‌ನಲ್ಲಿರುವ ಒತ್ತಡವನ್ನು. ಸಿಲಿಂಡರಿನ ಒಳಹೋದ ಗಾಳಿಯ ಪ್ರಮಾಣ ಅದರಿಂದ ನೇರವಾಗಿ ತಿಳಿಯದು. ಎಕ್ಸಾಸ್ಟ್ ಮಾರ್ಗವನ್ನು ಸುಗಮಗೊಳಿಸಿದಾಗ ಅಥವಾ ಸಿಲಿಂಡರ್ ಹೆಡ್‌ನ ಪೋರ್ಟುಗಳನ್ನು ಹದಗೊಳಿಸಿದಾಗ ಗಾಳಿ ತಡೆಯಿಲ್ಲದೆ ಸಾಗುವುದರಿಂದ ಮೀಟರಿನ ಮುಳ್ಳು ಕೆಳಗಿಳಿದರೂ ಚಕ್ರಗಳಿಗೆ ತಲುಪುವ ಶಕ್ತಿ ಏರಿರುತ್ತದೆ. ಇದನ್ನು ಡೈನೋ (ಶಕ್ತಿ ಅಳೆಯುವ ಯಂತ್ರ) ಮೇಲೆ ಅಳೆದು ನೋಡಿದರೆ ಸಂಶಯಕ್ಕೆ ಎಡೆಯಿರುವುದಿಲ್ಲ.

ಗಾಳಿ ಹೆಚ್ಚಾದಂತೆ ಇಂಧನವೂ ಹೆಚ್ಚಬೇಕು. ಪೆಟ್ರೋಲ್ ಪೂರ್ಣವಾಗಿ ಉರಿಯಲು ಬೇಕಾದ ಗಾಳಿ–ಇಂಧನ ಅನುಪಾತ 14.7:1 ಆದರೂ, ಸೂಪರ್‌ಚಾರ್ಜರ್ ಎಂಜಿನ್ ಪೂರ್ಣ ಭಾರದಲ್ಲಿರುವಾಗ ಅದನ್ನು ಸಾಮಾನ್ಯವಾಗಿ 11.5:1ರಿಂದ 12:1ರ ಆಸುಪಾಸಿನಲ್ಲಿ ಇಡುತ್ತಾರೆ. ಹೆಚ್ಚುವರಿ ಇಂಧನ ದಹನಕೋಣೆಯನ್ನು ತಂಪಾಗಿಡುತ್ತದೆ. ಇಂಜೆಕ್ಟರುಗಳು ಶೇ. 85ಕ್ಕಿಂತ ಹೆಚ್ಚು ಸಮಯ ತೆರೆದಿರಬೇಕಾಗಿ ಬಂದರೆ ದೊಡ್ಡವನ್ನು ಹಾಕಿಸಿ, ಪೆಟ್ರೋಲ್ ಪಂಪಿನ ಒತ್ತಡವನ್ನೂ ಪರೀಕ್ಷಿಸಿ. ಹೆಚ್ಚು ಬೂಸ್ಟ್‌ನಲ್ಲಿ ಇಂಧನ ಕೊರತೆಯಾದರೆ ಪಿಸ್ಟನ್ ಕರಗಲು ಕೆಲವೇ ಕ್ಷಣ ಸಾಕು. ಆದ್ದರಿಂದ ಗಾಳಿ–ಇಂಧನ ಅನುಪಾತವನ್ನು ಅಳೆದು ತೋರಿಸುವ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ಇಲ್ಲದೆ ಟ್ಯೂನಿಂಗ್‌ಗೆ ಕೈಹಾಕಬೇಡಿ. ಸ್ಪಾರ್ಕ್ ಪ್ಲಗ್‌ಗಳು ಒಂದು ಹಂತ ತಂಪಿನವಾಗಿರಲಿ (ಶಾಖವನ್ನು ಬೇಗ ಹೊರಸಾಗಿಸುವಂಥವು), ಅವುಗಳ ಗ್ಯಾಪ್ ಸ್ವಲ್ಪ ಕಿರಿದಾಗಿರಲಿ.

ಎಂಜಿನ್ ಬಿಚ್ಚದೆ ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ಎಲ್ಲ ಎಂಜಿನ್‌ಗಳಿಗೂ ಹೊಂದುವ ಒಂದೇ ಅಂಕಿಯಿಲ್ಲ. ಕಂಪ್ರೆಷನ್ ಅನುಪಾತ, ಪಿಸ್ಟನ್‌ಗಳು ಎರಕದವೋ ಫೋರ್ಜ್ ಮಾಡಿದವೋ, ಪೆಟ್ರೋಲಿನ ಆಕ್ಟೇನ್ ಎಷ್ಟು ಎಂಬುವೆಲ್ಲ ಸೇರಿ ಅದನ್ನು ನಿರ್ಧರಿಸುತ್ತವೆ. ನಾನಾದರೆ ಒಳಭಾಗಗಳು ಮೂಲದವೇ ಆಗಿರುವವರೆಗೆ ಒಳ್ಳೆಯ ಇಂಟರ್‌ಕೂಲರ್, ಪುಲ್ಲಿಯ ವ್ಯಾಸದಲ್ಲಿ ಶೇ. 10–15ರ ಇಳಿಕೆ, ಅದಕ್ಕೆ ತಕ್ಕ ಹೊಸ ಮ್ಯಾಪ್ (ಇಸಿಯು ಅನುಸರಿಸುವ ಇಂಧನ ಮತ್ತು ಕಿಡಿಯ ಲೆಕ್ಕಪಟ್ಟಿ), ಇಷ್ಟಕ್ಕೇ ನಿಲ್ಲಿಸುತ್ತೇನೆ. ಬ್ರೇಕ್ ಮತ್ತು ಕ್ಲಚ್ ಕೂಡ ಹೊಸ ಶಕ್ತಿಯನ್ನು ತಾಳುವಂತಿರಬೇಕು.

ಪ್ರಶ್ನೆ: ಚಿಕ್ಕ ಪುಲ್ಲಿ ಹಾಕಿಸಿದ ಮೇಲೆ ನನ್ನ ಕಾರಿನಲ್ಲಿ ಬೂಸ್ಟ್ ಮೊದಲು ಏರಿ, 5,000 ಸುತ್ತು ದಾಟಿದ ಮೇಲೆ ಇಳಿಯುತ್ತದೆ. ಕಾರಣವೇನು?

ಉತ್ತರ: ಬೆಲ್ಟ್ ಜಾರುತ್ತಿರುವ ಸಾಧ್ಯತೆಯೇ ಹೆಚ್ಚು. ಪುಲ್ಲಿ ಚಿಕ್ಕದಾದಾಗ ಬೆಲ್ಟ್ ಅದನ್ನು ಅಪ್ಪಿಹಿಡಿಯುವ ಉದ್ದ ಕಡಿಮೆಯಾಗುತ್ತದೆ, ಎಳೆಯಬೇಕಾದ ಭಾರ ಮಾತ್ರ ಹೆಚ್ಚಿರುತ್ತದೆ. ಬೆಲ್ಟಿನ ಒಳಮೈ ಹೊಳಪಾಗಿದೆಯೇ, ಪುಲ್ಲಿಯ ಸುತ್ತ ಕಪ್ಪು ಪುಡಿ ಬಿದ್ದಿದೆಯೇ ಎಂದು ನೋಡಿ; ಹಾಗಿದ್ದರೆ ಸರಿಯಾದ ಉದ್ದದ ಹೊಸ ಬೆಲ್ಟ್ ಹಾಕಿಸಿ, ಅದನ್ನು ಬಿಗಿಯಾಗಿಡುವ ಟೆನ್ಷನರ್ ಪರೀಕ್ಷಿಸಿ. ಅಲ್ಲಿ ದೋಷ ಕಾಣದಿದ್ದರೆ ಬೈಪಾಸ್ ವಾಲ್ವ್ (ಬೂಸ್ಟ್ ಬೇಡದಾಗ ಗಾಳಿಯನ್ನು ಹಿಂದಕ್ಕೆ ಬಿಡುವ ಕವಾಟ) ಪೂರ್ತಿ ಮುಚ್ಚುತ್ತಿದೆಯೇ, ಏರ್ ಫಿಲ್ಟರ್ ಕಟ್ಟಿಕೊಂಡಿದೆಯೇ ಎಂಬುದನ್ನು ಗಮನಿಸಿ.