2,000 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಸುತ್ತುವ ಲೆಕ್ಕ) ದಾಟುವವರೆಗೆ ನನ್ನ ಡೀಸೆಲ್ ಕಾರಿಗೆ ಪಿಕಪ್ಪೇ ಇಲ್ಲ. ಚೆಕ್ ಎಂಜಿನ್ ಲೈಟೂ ಹತ್ತಿದೆ. ಮೊದಲು ಟರ್ಬೊ ಬದಲಿಸಲೇ, ಇಂಜೆಕ್ಟರ್ ಬದಲಿಸಲೇ?

ಎರಡೂ ಬೇಡ. ಎಂಜಿನ್ನಿಗೆ ಗಾಳಿ ತುಂಬುವ ಟರ್ಬೊ, ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್, ಸದ್ಯಕ್ಕೆ ಯಾವ ಪಾರ್ಟೂ ಬದಲಿಸಬೇಡಿ. ಚೆಕ್ ಎಂಜಿನ್ ಲೈಟ್ ಹತ್ತಿದೆ ಅಂತ ಬರೆದಿದ್ದೀರಲ್ಲ, ಅದನ್ನು ಯಾರಿಗೂ ಆರಿಸಲು ಬಿಡಬೇಡಿ. ನಾನು ಆರಿಸಿದ್ದೆ.

ನಾನಿರುವುದು ಬಾಗಲಕೋಟೆಯ ನವನಗರದಲ್ಲಿ. ನನ್ನದು 1.3 ಲೀಟರಿನ ಡೀಸೆಲ್ ಕಾರು. ಆಫೀಸು ಮನೆ ಹತ್ತಿರಕ್ಕೆ ಬಂದ ಮೇಲೆ ದಿನಕ್ಕೆ ಐದಾರು ಕಿಲೋಮೀಟರ್ ಓಡಿದರೆ ಹೆಚ್ಚು. ಆಮೇಲೆ ಶುರುವಾಯಿತು ನೋಡಿ. ಸ್ಪೀಡ್ ಬ್ರೇಕರ್ ಇಳಿದು ಎರಡನೇ ಗೇರಿನಲ್ಲಿ ಎಕ್ಸಲರೇಟರ್ ಒತ್ತಿದರೆ ಗಾಡಿ ಏಳುವುದೇ ಇಲ್ಲ. ಹಿಂದೆ ಕಪ್ಪು ಹೊಗೆ. 2,000 ದಾಟಿದರೆ ಏನೂ ಆಗಿಲ್ಲ ಅನ್ನುವ ಹಾಗೆ ಓಡುತ್ತಿತ್ತು. ಒಂದು ದಿನ ಲೈಟ್ ಹತ್ತಿತು.

ಸ್ಟೀರಿಂಗ್ ಕೆಳಗಿನ ಸಾಕೆಟ್‌ಗೆ ಹಾಕುವ ಸಣ್ಣ ಸ್ಕ್ಯಾನರ್ ತರಿಸಿದೆ. ಮೊಬೈಲಿನಲ್ಲಿ ಯಾವ ತಪ್ಪು ಅಂತ ಹೇಳುವ ಒಂದು ಕೋಡ್ ಬಂತು. ಬರೆದುಕೊಳ್ಳಲಿಲ್ಲ. ಕೆಳಗಿದ್ದ ‘ಕ್ಲಿಯರ್’ ಒತ್ತಿದೆ. ಲೈಟ್ ಆರಿತು, ಸಮಾಧಾನವಾಯಿತು.

ಆ ಒಂದು ಒತ್ತಿನಲ್ಲಿ ಏನೇನು ಹೋಯಿತು ಅಂತ ಬಿಡಿಸಿ ಹೇಳಬೇಕು. ಕೋಡ್ ಹೋಯಿತು. ಅದರ ಜೊತೆ ‘ಫ್ರೀಜ್ ಫ್ರೇಮ್’ ಅಂತ ಇರುತ್ತದೆ. ತಪ್ಪು ಸಿಕ್ಕ ಆ ಗಳಿಗೆಯಲ್ಲಿ ಆರ್‌ಪಿಎಂ ಎಷ್ಟು, ವೇಗ ಎಷ್ಟು, ಎಂಜಿನ್ ಎಷ್ಟು ಬಿಸಿಯಿತ್ತು, ಲೋಡ್ ಎಷ್ಟು, ಎಲ್ಲ ಅದರಲ್ಲಿರುತ್ತದೆ. ಅದೂ ಹೋಯಿತು. ಮೇಲಾಗಿ ಗಾಡಿಯ ಕಂಪ್ಯೂಟರ್ ತನ್ನ ತಪಾಸಣೆಯನ್ನೆಲ್ಲ ಮೊದಲಿಂದ ಶುರು ಮಾಡುತ್ತದೆ. ಎಷ್ಟೋ ಕೋಡ್‌ಗಳಿಗೆ ಎರಡು ಓಡಾಟಗಳಲ್ಲಿ ಅದೇ ತಪ್ಪು ಕಂಡರೆ ಮಾತ್ರ ಲೈಟ್ ಹತ್ತುತ್ತದೆ. ಹಾಗಾಗಿ ನಾನು ಗ್ಯಾರೇಜಿಗೆ ಹೋದಾಗ ಮಷಿನ್ನಿನಲ್ಲಿ ಏನೂ ಬರಲಿಲ್ಲ. ಏನೂ ಬರದಿದ್ದರೆ ಅವರಾದರೂ ಏನು ಮಾಡಬೇಕು? ಊಹೆ ಮಾಡಿದರು. ಡೀಸೆಲ್ ಫಿಲ್ಟರ್ ಬದಲಿಸಿದರು, ಇಂಜೆಕ್ಟರ್ ಬಿಚ್ಚಿ ತೊಳೆದರು, ಕೊನೆಗೆ ಟರ್ಬೊ ಇಳಿಸಿ ನೋಡಿದರು. 21,000 ರೂಪಾಯಿ. ಪಿಕಪ್ ಮಾತ್ರ ಬರಲಿಲ್ಲ.

ಕಬ್ಬಿನ ಸೀಸನ್. ಲೋಕಾಪುರ ದಾಟಿ ಮುಧೋಳಕ್ಕೆ ಹೊರಟಿದ್ದೆ, ಮುಂದೆ ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್. ಓವರ್‌ಟೇಕ್ ಮಾಡಲು ಹೊರಬಂದೆ, ಗಾಡಿ ಎಳೆಯಲಿಲ್ಲ. ಎದುರಿಗೆ ಬಸ್ಸು. ಹೇಗೋ ಹಿಂದೆ ಸರಿದೆ, ಕೈ ನಡುಗುತ್ತಿತ್ತು. ಆಗಲೇ ಮತ್ತೆ ಲೈಟ್ ಹತ್ತಿತು. ಈ ಸಲ ಮುಟ್ಟಲಿಲ್ಲ. ನೇರ ಮುಧೋಳದ ಒಬ್ಬ ಹಿರಿಯ ಮಿಸ್ತ್ರಿ ಹತ್ತಿರ ಹೋದೆ. ಕೋಡ್ ಪಿ0402, ಅಂದರೆ ಇಜಿಆರ್ ವಾಲ್ವಿನಿಂದ ಎಂಜಿನ್ನಿಗೆ ಹೊಗೆ ಹೆಚ್ಚು ಹೋಗುತ್ತಿದೆ ಅಂತ. ಫ್ರೀಜ್ ಫ್ರೇಮ್‌ನಲ್ಲಿ 1,350 ಆರ್‌ಪಿಎಂ.

“ಮೊದಲೂ ಹತ್ತಿತ್ತೇನ್ರಿ?”

“ಹತ್ತಿತ್ರಿ. ನಾನ ಅಳಿಸಿಬಿಟ್ಟೆ.”

“ಅಳಿಸಿದ್ಯಾಕ್ರಿ? ಅದರಾಗ ಎಲ್ಲಾ ಇತ್ತಲ್ರಿ!”

ಇಜಿಆರ್ ವಾಲ್ವ್ ಬಿಚ್ಚಿ ತೋರಿಸಿದರು. ದಿನಾ ಅಷ್ಟು ಸಣ್ಣ ಓಡಾಟದಲ್ಲಿ ಮಸಿ ಕಟ್ಟಿ ಅರ್ಧ ತೆರೆದೇ ಸಿಕ್ಕಿಕೊಂಡಿತ್ತು. ಸೈಲೆನ್ಸರಿಗೆ ಹೋಗುವ ಹೊಗೆಯಲ್ಲಿ ಸ್ವಲ್ಪವನ್ನು ಮತ್ತೆ ಎಂಜಿನ್ನಿಗೆ ಬಿಡುವುದು ಅದರ ಕೆಲಸ. ಉರಿಯ ಬಿಸಿ ಇಳಿದು ನೈಟ್ರೋಜನ್ ಆಕ್ಸೈಡ್ ಕಡಿಮೆಯಾಗಲಿ ಅಂತ. ಜೋರಾಗಿ ಒತ್ತಿದಾಗ ಅದು ಮುಚ್ಚಬೇಕು. ಮುಚ್ಚದಿದ್ದರೆ ಗಾಳಿ ಹೋಗುವ ಜಾಗದಲ್ಲಿ ಹೊಗೆ ಹೋಗುತ್ತದೆ. ಟರ್ಬೊ ತಿರುಗಿಸಬೇಕಾದ ಹೊಗೆಯೂ ಅಲ್ಲೇ ಸೋರುತ್ತದೆ. ಕಡಿಮೆ ಆರ್‌ಪಿಎಂನಲ್ಲಿ ಟರ್ಬೊ ಮೊದಲೇ ನಿಧಾನ, ಅಲ್ವಾ? ತೊಳೆದು ಹೊಸ ಗ್ಯಾಸ್ಕೆಟ್ ಹಾಕಿದ್ದಕ್ಕೆ 1,600 ಆಯಿತು.

ಆ ವಾಲ್ವಿಗೆ ತಗಡು ಹಾಕಿ ಮುಚ್ಚಿಬಿಡೋಣ ಅನ್ನುವವರು ಸಿಗುತ್ತಾರೆ. ಒಪ್ಪಬೇಡಿ. ಆ ವಿಷದ ಹೊಗೆ ನಮ್ಮ ಓಣಿಗೇ ಬರುತ್ತದೆ.

ನಿಮ್ಮದೂ ಇಜಿಆರ್ ಅಂತ ನಾನು ಹೇಳುತ್ತಿಲ್ಲ. ಆರ್‌ಪಿಎಂ ಏರಿದರೂ ಗಾಡಿ ಮುಂದೆ ಹೋಗದಿದ್ದರೆ ಕ್ಲಚ್ ನೋಡಿಸಿ. ಟರ್ಬೊದಿಂದ ಬರುವ ಗಾಳಿಯನ್ನು ತಣ್ಣಗಾಗಿಸುವ ಇಂಟರ್‌ಕೂಲರ್ ಪೈಪಿನ ಜೋಡಣೆಯಲ್ಲಿ ಎಣ್ಣೆ ಕಲೆ ಇದ್ದು ಸುಯ್ಯೆಂದು ಸದ್ದು ಬಂದರೆ ಪೈಪು ಸೋರುತ್ತಿರಬಹುದು. ಆದರೆ ಮೊದಲು ಕೋಡ್ ಮತ್ತು ಫ್ರೀಜ್ ಫ್ರೇಮ್ ಎರಡರದ್ದೂ ಫೋಟೊ ತೆಗೆದುಕೊಳ್ಳಿ. ನಂಬರ್ ಏನು ಬಂತು ಅಂತ ತಿಳಿಸಿ.