ಐಬಿಎಸ್‌ಗೆ ಏನೇನೋ ಮಾಡಿ ನೋಡಿದ್ದಾಯಿತು, ಮುಂದೇನು?

ಐಬಿಎಸ್ ಎಂದರೆ ಹೊಟ್ಟೆನೋವು, ಉಬ್ಬರ, ಭೇದಿ ಅಥವಾ ಮಲಬದ್ಧತೆ ಮತ್ತೆಮತ್ತೆ ಕಾಡುವ ಕರುಳಿನ ತೊಂದರೆ. ಮಾತ್ರೆ, ಪಥ್ಯ, ಪ್ರೋಬಯಾಟಿಕ್ (ಕರುಳಿಗೆ ಒಳ್ಳೆಯದೆನ್ನುವ ಜೀವಾಣುಗಳು) ಎಲ್ಲ ಆದರೂ ಹೊಟ್ಟೆನೋವು, ಉಬ್ಬರ ಹೋಗಿಲ್ಲ ಎಂದು ನೀವು ಬರೆದಿದ್ದೀರಿ. ದಯವಿಟ್ಟು ಒಂದು ಸಲಕ್ಕೆ ಒಂದನ್ನೇ ಬದಲಿಸಿ. ನಾಲ್ಕನ್ನು ಒಟ್ಟಿಗೆ ಶುರು ಮಾಡಿದರೆ ಯಾವುದು ಹಿಡಿಸಿತು, ಯಾವುದು ಕೆಡಿಸಿತು ಎಂದು ಗೊತ್ತಾಗುವುದೇ ಇಲ್ಲ. ಪ್ರೋಬಯಾಟಿಕ್‌ಗೆ 4 ವಾರ ಕೊಡಿ, ಗುಣ ಕಾಣದಿದ್ದರೆ ಬಿಟ್ಟುಬಿಡಿ.

ನಾರಿನಂಶ ಹೆಚ್ಚಿಸಿ ಎಂದು ಎಲ್ಲರೂ ಹೇಳುತ್ತಾರೆ, ಆದರೆ ಎಲ್ಲ ನಾರೂ ಒಂದೇ ಅಲ್ಲ. ಇಸಬಗೋಲು ನೀರು ಹೀರಿಕೊಂಡು ಲೋಳೆಯಾಗಿ ಮಲವನ್ನು ಹದಕ್ಕೆ ತರುತ್ತದೆ. ಗೋಧಿ ತವುಡು ಹಲವರಿಗೆ ಉಬ್ಬರ ಹೆಚ್ಚಿಸುತ್ತದೆ. ಸ್ವಲ್ಪದರಿಂದ ಆರಂಭಿಸಿ, ನೀರು ಚೆನ್ನಾಗಿ ಕುಡಿಯಿರಿ.

ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರು ರೂಪಿಸಿದ ಲೋ ಫಾಡ್‌ಮ್ಯಾಪ್ ಪಥ್ಯದಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಗೋಧಿಯಂಥ, ಕರುಳಲ್ಲಿ ಹುದುಗಿ ಗ್ಯಾಸ್ ಮಾಡುವ ಪದಾರ್ಥಗಳನ್ನು 4ರಿಂದ 6 ವಾರ ಬಿಡಬೇಕು. ಆಮೇಲೆ ಒಂದೊಂದನ್ನೇ ಮರಳಿ ತಿಂದು ನೋಡಬೇಕು. ಬಹಳ ಜನ ಈ ಎರಡನೇ ಹಂತವನ್ನೇ ಮರೆತು ವರ್ಷಗಟ್ಟಲೆ ಅರೆಹೊಟ್ಟೆ ಉಣ್ಣುತ್ತಾರೆ, ಇದು ನನಗೆ ತುಂಬ ಸಂಕಟದ ವಿಷಯ. ಆಹಾರತಜ್ಞರ ನೆರವು ಪಡೆಯಿರಿ.

ಸೆಳೆತದ ನೋವಿಗೆ ಪುದೀನ ಎಣ್ಣೆಯ ಕ್ಯಾಪ್ಸೂಲ್ ಕೆಲವರಿಗೆ ಒಗ್ಗುತ್ತದೆ, ಎದೆಯುರಿ ಬರಬಹುದು. ಖಿನ್ನತೆಗೂ ಕೊಡುವ ಅಮಿಟ್ರಿಪ್ಟಿಲಿನ್ ಎಂಬ ಔಷಧವನ್ನು ವೈದ್ಯರು ಕಡಿಮೆ ಡೋಸಿನಲ್ಲಿ ಬರೆದರೆ ಗಾಬರಿ ಬೇಡ. ನಿಮ್ಮ ನೋವು ಬರೀ ಭ್ರಮೆ ಎಂದು ಅದರರ್ಥವಲ್ಲ. ಕರುಳಿಗೂ ಮಿದುಳಿಗೂ ನಡುವಿನ ನೋವಿನ ಸಂಕೇತಗಳನ್ನು ಆ ಔಷಧ ತಗ್ಗಿಸುತ್ತದೆ. ಸಿಬಿಟಿ ಎಂಬ ಮನೋಚಿಕಿತ್ಸೆಯೂ ಅನೇಕರಿಗೆ ನೆರವಾಗಿದೆ.

ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ನಿದ್ದೆಯಿಂದ ಎಬ್ಬಿಸುವ ಭೇದಿ ಇದ್ದರೆ ಈ ಪ್ರಯೋಗಗಳನ್ನೆಲ್ಲ ಬದಿಗಿಟ್ಟು ಕೂಡಲೇ ವೈದ್ಯರನ್ನು ಕಾಣಿ.